ಎಂಜಿನ್ ಪಕ್ಕದ ಸೀಸದ ಪೆಟ್ಟಿಗೆ

ಗಂಗೊಳ್ಳಿ ದಕ್ಕೆಯಲ್ಲಿ ನಿಂತ ಯಾವ ಟ್ರಾಲ್ ಬೋಟಿಗೆ ಬೇಕಾದರೂ ಇಳಿದು ನೋಡಿ. ಮೇಲೆ, ಬೋಟು ನಡೆಸುವ ತಾಂಡೇಲನ ಕೋಣೆಯಲ್ಲಿರುವ ಜಿಪಿಎಸ್, ಫಿಶ್‌ಫೈಂಡರ್, ವಯರ್‌ಲೆಸ್, ಎಲ್‌ಇಡಿ ದೀಪಗಳೆಲ್ಲ ನಮ್ಮ ಕಣ್ಣೆದುರೇ ಬಂದವು. ಕೆಳಗಿರುವ ಡೀಸೆಲ್ ಎಂಜಿನ್ನಿನ ಮೂಲ 1890ರ ದಶಕದ್ದು. ಎಂಜಿನ್ನಿನ ಮಗ್ಗುಲಲ್ಲಿ, ಎಣ್ಣೆ ಕುಡಿದು ಕಪ್ಪಾದ ಮರದ ಪೆಟ್ಟಿಗೆಯೊಳಗೆ, ಟರ್ಮಿನಲ್ಲಿಗೆ ಗ್ರೀಸು ಮೆತ್ತಿಸಿಕೊಂಡು ಕೂತಿರುವ ಎರಡು ಬ್ಯಾಟರಿಗಳು ಮಾತ್ರ ಅದಕ್ಕಿಂತಲೂ ಹಳೆಯ ಕುಲದವು. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ. ಅಲ್ಲಿಂದೀಚೆಗೆ ಡಬ್ಬಿ ಬದಲಾಗಿದೆ, ಮುಚ್ಚಳ ಬದಲಾಗಿದೆ. ಒಳಗಿನ ಸೀಸವೂ ಆಸಿಡ್ಡೂ ಹಾಗೇ ಇವೆ.

ನಾನು ವಾಣಿಜ್ಯ ಹಡಗುಗಳಲ್ಲಿ ಎಲೆಕ್ಟ್ರಿಕಲ್ ಆಫೀಸರ್ ಆಗಿದ್ದವ. ಈಗ ಊರಲ್ಲಿದ್ದೇನೆ, ಕೆಲಸ ಬಿಟ್ಟರೂ ಮಲ್ಟಿಮೀಟರ್ ಬಿಡದ ಜಾತಿ ನಮ್ಮದು. ಜೂನ್ 1ರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆಗೆ ರಜೆ. ಆಗ ಬೋಟಿನ ವಯರಿಂಗ್ ನೋಡಲು ಕರೆಯುವವರು ಇರುತ್ತಾರೆ. ಈಚೆಗೆ ಒಂದು ಹೊಸ ದೂರು ಶುರುವಾಗಿದೆ. ಒಬ್ಬ ತಾಂಡೇಲ ಸುಟ್ಟ ಆಲ್ಟರ್ನೇಟರನ್ನು ನನ್ನ ಮೆಟ್ಟಿಲ ಮೇಲೆ ತಂದಿಟ್ಟು ಕೇಳಿದ: “ಹೊಸ ಬ್ಯಾಟ್ರಿ ಹಾಕದ್ದೇ ತಪ್ಪಾಯ್ತಾ ಮಾರಾಯ್ರೆ? ಡೈನಮೋ ಸುಟ್ಟ್ ಹೋಯ್ತಲೆ!” ಹಾಕಿದ್ದು ಲಿಥಿಯಂ. ಹಳೆಯದನ್ನು ತೆಗೆದು ಅದೇ ಜಾಗಕ್ಕೆ ಇದನ್ನಿಟ್ಟು ಎರಡು ಬೋಲ್ಟು ಬಿಗಿದರಾಯಿತು ಎಂದು ಮಾರಿದವರು ಹೇಳಿದ್ದರಂತೆ.

ನನ್ನ ಅಭಿಪ್ರಾಯದಲ್ಲಿ ಬ್ಯಾಟರಿಯದ್ದೂ ತಪ್ಪಿಲ್ಲ, ಡೈನಮೋದ್ದೂ ತಪ್ಪಿಲ್ಲ. ಬೋಟಿನ ವಿದ್ಯುತ್ ವ್ಯವಸ್ಥೆ ಎಂದು ನಾವು ಕರೆಯುವುದೆಲ್ಲ ಒಂದೂವರೆ ಶತಮಾನದಿಂದ ಸೀಸದ ಗುಣಾವಗುಣ ನೋಡಿಕೊಂಡು ಬೆಳೆದದ್ದು. ಎಷ್ಟು ವೋಲ್ಟು, ಎಷ್ಟು ದಪ್ಪದ ತಂತಿ, ಕಟೌಟ್ ಎಲ್ಲಿ ತುಂಡರಿಸಬೇಕು, ಪೆಟ್ಟಿಗೆಗೆ ತೂತು ಎಲ್ಲಿರಬೇಕು, ಕೊನೆಗೆ ತಾಂಡೇಲ ದೀಪದ ಬೆಳಕು ನೋಡಿ ಏನೆಂದು ತಿಳಿಯಬೇಕು ಎಂಬುದೂ. ಹಳೆಯದನ್ನು ಎತ್ತಿ ದಕ್ಕೆಗೆ ಹಾಕಬಹುದು. ಅದು ಕಲಿಸಿದ ಅಭ್ಯಾಸವೆಲ್ಲ ಬೋಟಿನಲ್ಲೇ ಉಳಿದಿರುತ್ತದೆ.

ವಿದ್ಯುತ್ತು ನೀರಿಗಿಳಿದದ್ದು ಸೀಸಕ್ಕಿಂತ ಮೊದಲೇ. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೋರಿಟ್ಸ್ ಯಾಕೋಬಿ ಎಂಬಾತ ತ್ಸಾರ್ ದೊರೆಯ ದುಡ್ಡಿನಲ್ಲಿ ಮೋಟಾರು ಕಟ್ಟಿ, ನೇವಾ ನದಿಯ ಮೇಲೆ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡು ದೋಣಿ ಓಡಿಸಿದ. ಆದರೆ ಅವನ ಸೆಲ್ಲುಗಳು ಒಮ್ಮೆ ತೀರಿದರೆ ತೀರಿದವು. ಸತು ಕರಗಿಹೋಗುತ್ತಿತ್ತು, ಮರುವರ್ಷ ಬಳಸಿದ ಸೆಲ್ಲುಗಳ ನೈಟ್ರಿಕ್ ಆಸಿಡ್ ಹೊಗೆಗೆ ದೋಣಿಯಲ್ಲಿದ್ದವರು ಕೆಮ್ಮಬೇಕಿತ್ತು. ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿ ಪ್ಲಾಂತೆಯಿಂದ ಬಂತು. ಅದನ್ನು ಕಾರ್ಖಾನೆಯಲ್ಲಿ ಬೇಗ ತಯಾರಿಸುವ ದಾರಿ 1881ರಲ್ಲಿ ಕಾಮಿಲ್ ಫೋರ್ ಎಂಬಾತನಿಂದ: ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಪ್ಲೇಟಿಗೆ ಬಳಿಯುವುದು. ಇವತ್ತಿಗೂ ಬ್ಯಾಟರಿ ಕಾರ್ಖಾನೆಯಲ್ಲಿ ನಡೆಯುವುದು ಆ ಬಳಿಯುವ ಕೆಲಸವೇ.

ಮರುವರ್ಷ, 1882ರ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಥೇಮ್ಸ್ ಮೇಲೆ ‘ಎಲೆಕ್ಟ್ರಿಸಿಟಿ’ ಎಂಬ ಹೆಸರಿನದೇ ಒಂದು ಸಣ್ಣ ಬೋಟು ಸೀಸದ ಬ್ಯಾಟರಿಯಿಂದ ಓಡಿತು. ಅದರ ಹಿಂದಿದ್ದ ಆಸ್ಟ್ರಿಯಾ ಮೂಲದ ಎಂಜಿನಿಯರ್ ಆಂಟನಿ ರೆಕೆನ್‌ಜೌನ್ 1886ರಲ್ಲಿ ‘ವೋಲ್ಟಾ’ ಎಂಬ ಇನ್ನೊಂದು ಬೋಟನ್ನು ಡೋವರಿನಿಂದ ಕಡಲ್ಗಾಲುವೆ ದಾಟಿಸಿ ಫ್ರಾನ್ಸಿನ ಕಲೇಗೆ ಒಯ್ದು, ಅದೇ ದಿನ ಒಂದೇ ಚಾರ್ಜಿನಲ್ಲಿ ವಾಪಸು ತಂದ. ಬೋಟು ಎಷ್ಟು ಸದ್ದಿಲ್ಲದೆ ಹೋಗುತ್ತಿತ್ತೆಂದರೆ ನೀರಿನ ಮೇಲೆ ನಿದ್ದೆಹೋಗಿದ್ದ ಕಡಲಹಕ್ಕಿಯೊಂದನ್ನು ಕೈಯಲ್ಲೇ ಹಿಡಿದರಂತೆ. ನಮ್ಮ ಟ್ರಾಲ್ ಬೋಟಿನ ಸದ್ದಿಗೆ ಗಂಗೊಳ್ಳಿಯ ಹಕ್ಕಿ ಇರಲಿ, ಪಂಚಗಂಗಾವಳಿಯ ಆಚೆ ದಡದ ಮನುಷ್ಯನೂ ಎದ್ದು ಕೂರುತ್ತಾನೆ.

ಮುಂದಿನ ಹತ್ತು ವರ್ಷ ಸೀಸದ ಸುಗ್ಗಿ. ಇಮ್ಮಿಶ್ ಎಂಬ ಕಂಪನಿ ಥೇಮ್ಸ್ ಉದ್ದಕ್ಕೂ ತೇಲುವ ಚಾರ್ಜಿಂಗ್ ಕೇಂದ್ರಗಳನ್ನು ನಿಲ್ಲಿಸಿ, ಶ್ರೀಮಂತರಿಗೆ ಎಲೆಕ್ಟ್ರಿಕ್ ಲಾಂಚುಗಳನ್ನು ಬಾಡಿಗೆಗೆ ಕೊಡುತ್ತಿತ್ತು. 1893ರ ಶಿಕಾಗೋ ಜಾಗತಿಕ ಮೇಳದ ಕಾಲುವೆಗಳಲ್ಲಿ ಐವತ್ತಕ್ಕೂ ಹೆಚ್ಚು ಎಲೆಕ್ಟ್ರಿಕ್ ಲಾಂಚುಗಳು ಹತ್ತು ಲಕ್ಷಕ್ಕೂ ಮಿಕ್ಕಿ ಜನರನ್ನು ಸುತ್ತಾಡಿಸಿದವು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ. ಅಷ್ಟರಲ್ಲಿ ಪೆಟ್ರೋಲ್ ಎಂಜಿನ್ ಬಂತು, ಆಟ ಮುಗಿಯಿತು. ಟನ್‌ಗಟ್ಟಲೆ ಸೀಸ ಹೊತ್ತು ನಿಧಾನ ಹೋಗುವ ಬೋಟು ಯಾರಿಗೆ ಬೇಕು?

ಸೀಸ ಸೋತಿತೆಂದು ಇಲ್ಲಿಗೆ ಕಥೆ ಮುಗಿಸುವವರುಂಟು. ನಿಜವಾಗಿ ಅದು ಬೋಟು ಬಿಟ್ಟು ಹೋಗಲೇ ಇಲ್ಲ. ಬೋಟು ಓಡಿಸುವ ಕೆಲಸ ಕಳೆದುಕೊಂಡು, ಬೇರೆ ಯಾರೂ ಮಾಡಲಾಗದ ಎರಡು ಮೂರು ಕೆಲಸ ಹಿಡಿಯಿತು.

ಮೊದಲನೆಯದು ಸಬ್‌ಮರೀನ್. ನೀರಿನಡಿ ಎಂಜಿನ್ನಿಗೆ ಗಾಳಿ ಇಲ್ಲ, ಬ್ಯಾಟರಿಯೇ ಗತಿ. ಎರಡು ಮಹಾಯುದ್ಧಗಳ ಬಹುಪಾಲು ಸಬ್‌ಮರೀನುಗಳು ಮುಳುಗಿದ್ದಾಗ ಓಡಿದ್ದು ಸೀಸದ ಬಲದಿಂದ. ಅದರ ಎರಡು ಕೆಟ್ಟ ಗುಣಗಳನ್ನು ನಾವಿಕರು ಜೀವ ಕೊಟ್ಟು ಕಲಿತದ್ದೂ ಅಲ್ಲೇ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಒಂದು ಕಿಡಿ ಸಾಕು. ಸಮುದ್ರದ ಉಪ್ಪುನೀರು ಒಳಗೆ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಇದು ಹಳೇ ಕಾಲದ ಸಂಗತಿಯಷ್ಟೇ ಎನ್ನುವಂತಿಲ್ಲ. 2010ರಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ನೌಕಾಪಡೆಯ ಸಬ್‌ಮರೀನ್ ಸಿಂಧುರಕ್ಷಕ್‌ನ ಬ್ಯಾಟರಿ ವಿಭಾಗದಲ್ಲಿ ಬೆಂಕಿ ಎದ್ದು ಒಬ್ಬ ನಾವಿಕ ತೀರಿಕೊಂಡ. ಕಾರಣ ಹೈಡ್ರೋಜನ್ ಸೋರಿಕೆ. ನಮ್ಮ ಮೀನಿನ ಬೋಟುಗಳಲ್ಲೂ ಬ್ಯಾಟರಿ ಪೆಟ್ಟಿಗೆಯ ಮೇಲ್ಗಡೆ ಗಾಳಿಗೆ ತೂತು ಬಿಟ್ಟಿರುತ್ತಾರೆ. ಯಾಕೆಂದು ಕೇಳಿದರೆ ಮೇಸ್ತ್ರಿಗೆ ಗೊತ್ತಿರಲಿಕ್ಕಿಲ್ಲ, ತೂತು ಮಾತ್ರ ಸರಿಯಾದ ಜಾಗದಲ್ಲೇ ಇರುತ್ತದೆ.

ಎರಡನೆಯದು ವಯರ್‌ಲೆಸ್. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿತು. ಆ ವರ್ಷವೇ ಅಮೆರಿಕ ಕಾನೂನು ಮಾಡಿತು: ಹಡಗಿನ ಮುಖ್ಯ ಯಂತ್ರ ನಿಂತರೂ ರೇಡಿಯೋ ಕನಿಷ್ಠ 4 ಗಂಟೆ ನಡೆಯುವಂತೆ ಬೇರೆಯೇ ವಿದ್ಯುತ್ ಇರಬೇಕು. ಹಾಗೆ ಸೀಸದ ಬ್ಯಾಟರಿ ಹಡಗಿನ ಹೊಟ್ಟೆಯಿಂದ ಮೇಲಿನ ಡೆಕ್ಕಿಗೆ ಹತ್ತಿತು. ಎಂಜಿನ್ ಕೋಣೆಗೆ ನೀರು ನುಗ್ಗಿದ ಮೇಲೂ ಬದುಕಿರಬೇಕಾದದ್ದು ಕೆಳಗೆ ಇದ್ದು ಪ್ರಯೋಜನವಿಲ್ಲವಲ್ಲ! ನಾನು ಕೆಲಸ ಮಾಡಿದ ಹಡಗುಗಳಲ್ಲೂ ಬ್ಯಾಟರಿ ಕೋಣೆ ಮೇಲೆಯೇ. ರಬ್ಬರ್ ಏಪ್ರನ್ ಕಟ್ಟಿಕೊಂಡು, ಒಂದೊಂದೇ ಸೆಲ್ಲಿನ ಮುಚ್ಚಳ ತಿರುಗಿಸಿ ಹೈಡ್ರೋಮೀಟರ್ ಇಳಿಸಿ, ಆಸಿಡ್ಡಿನ ಸಾಂದ್ರತೆ ಓದಿ ಪುಸ್ತಕದಲ್ಲಿ ಬರೆಯುವುದು ನಮ್ಮ ಕೆಲಸ. ಒಂದು ಸೆಲ್ಲು ಉಳಿದವಕ್ಕಿಂತ ಕೆಳಗೆ ತೋರಿಸಿದರೆ ಆ ವಾರವಿಡೀ ಅದರದೇ ಯೋಚನೆ. ಬೇಸರದ ಕೆಲಸ ಎಂದು ಹೊಸ ಹುಡುಗರು ಗೊಣಗುತ್ತಿದ್ದರು. ನನಗೆ ಅದು ಹಿಡಿಸುತ್ತಿತ್ತು. ಸೀಸ ತನ್ನ ಆರೋಗ್ಯವನ್ನು ಮುಚ್ಚಿಡುವುದಿಲ್ಲ. ಕೇಳುವ ತಾಳ್ಮೆ ಇದ್ದವರಿಗೆ ಹೇಳುತ್ತದೆ.

ಮೂರನೆಯ ಕೆಲಸ ಎಂಜಿನ್ ಎಬ್ಬಿಸುವುದು. ಕ್ಯಾಡಿಲ್ಯಾಕ್ ಕಾರು 1912ರ ಮಾದರಿಯಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ತಂದಿತು. ಸೀಸವನ್ನು ಮೂಲೆಗೆ ತಳ್ಳಿದ ಪೆಟ್ರೋಲ್ ಎಂಜಿನ್ನೇ ಮುಂದೆ ಬೆಳಿಗ್ಗೆ ಏಳಲು ಸೀಸವನ್ನು ಅವಲಂಬಿಸಿತು. ಕಾರಿಗೆ ಬಂದದ್ದೆಲ್ಲ ಹಿಂದೆಯೇ ಬೋಟಿಗೂ ಬಂತು, ಏಕೆಂದರೆ ಸಣ್ಣ ಬೋಟಿಗೆಂದೇ ಬೇರೆ ಸಾಮಾನು ಮಾಡುವವರು ಕಡಿಮೆ. ಸೀಸದ ಒಂದು ಸೆಲ್ಲಿಗೆ ಸುಮಾರು 2 ವೋಲ್ಟು. ಆರು ಸೆಲ್ಲಿಗೆ 12. ಅಂಥ ಎರಡು ಸಾಲಾಗಿ ಕಟ್ಟಿದರೆ 24. 1950ರ ದಶಕದಲ್ಲಿ ಕಾರುಗಳು 6 ವೋಲ್ಟಿನಿಂದ 12ಕ್ಕೆ ಬಂದವು, ಬೋಟುಗಳೂ ಬಂದವು. 1960ರಿಂದ ಹಳೆಯ ಡೈನಮೋ ಜಾಗಕ್ಕೆ ಡಯೋಡುಗಳಿರುವ ಆಲ್ಟರ್ನೇಟರ್ ಬರತೊಡಗಿತು. ನಮ್ಮ ದಕ್ಕೆಯಲ್ಲಿ ಮಾತ್ರ ಅದಕ್ಕೆ ಇವತ್ತಿಗೂ ಡೈನಮೋ ಎಂದೇ ಹೆಸರು.

ನಮ್ಮ ಕರಾವಳಿಗೆ ಈ ಪೆಟ್ಟಿಗೆ ಬಂದದ್ದು ಯಾಂತ್ರಿಕ ದೋಣಿಗಳ ಜೊತೆ. 1953ರಲ್ಲಿ ಕೇರಳದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಗಿ ದೋಣಿಗಳಿಗೆ ಎಂಜಿನ್ ಕೂರಿಸುವ ಕೆಲಸಕ್ಕೆ ಚಾಲನೆ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಮಂಗಳೂರು, ಮಲ್ಪೆ, ಗಂಗೊಳ್ಳಿ ಕಡೆಗೂ ಎಂಜಿನ್ ಬೋಟು ಬಂದವು. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದು ರಂಪಣಿ ಬಲೆ ಮರೆಯಾದ ಕಥೆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಆ ಗಲಾಟೆಯಲ್ಲಿ ಬ್ಯಾಟರಿಯ ಕಡೆ ಯಾರೂ ನೋಡಲಿಲ್ಲ, ನೋಡುವ ಕಾರಣವೂ ಇರಲಿಲ್ಲ. ಸೆಲ್ಫ್ ತಿರುಗಿಸುವುದು, ನಾಲ್ಕು ದೀಪ ಉರಿಸುವುದು, ಇಷ್ಟೇ ಅದರ ಪಾಲಿನ ಕೆಲಸ. ಮಳೆಗಾಲದಲ್ಲಿ ಬಿಚ್ಚಿ ಮನೆಗೆ ತಂದು, ಹಲಗೆಯ ಮೇಲಿಟ್ಟು, ಡಿಸ್ಟಿಲ್ಡ್ ವಾಟರ್ ಹಾಕಿ ಇಡುತ್ತಿದ್ದರು. ಸಮುದ್ರದಲ್ಲಿ ರಾತ್ರಿ ದೀಪ ಮಂಕಾಯಿತೆಂದರೆ ತಾಂಡೇಲ ಎಂಜಿನ್ ಹಾಕುತ್ತಿದ್ದ. ವೋಲ್ಟ್‌ಮೀಟರ್ ಓದಲು ಬಾರದವನಿಗೂ ಸೀಸ ಇಷ್ಟನ್ನು ಕಲಿಸಿತ್ತು: ಮಂಕಾಗುವುದೆಂದರೆ ಎಚ್ಚರಿಕೆ.

ಆಮೇಲೆ ಆಳಸಮುದ್ರದ ಬೋಟುಗಳು ಹತ್ತು ದಿನ ದಡ ಕಾಣದೆ ಇರತೊಡಗಿದವು. ಜಿಪಿಎಸ್, ಸುತ್ತಲ ಹಡಗುಗಳಿಗೆ ಬೋಟಿನ ಜಾಗ ತಿಳಿಸುವ ಎಐಎಸ್, ಹತ್ತಾರು ಕಲಾಸಿಗಳ ಮೊಬೈಲು, ಈಚೆಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್. ಎಂಜಿನ್ ನಿಂತಾಗಲೂ ಇವೆಲ್ಲ ಬದುಕಿರಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕರಗುತ್ತದೆ, ಅರೆಹೊಟ್ಟೆಯಲ್ಲಿ ಬಹಳ ದಿನ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. 100 ಆಂಪಿಯರ್-ಅವರ್ ಎಂದು ಬರೆದ ಪೆಟ್ಟಿಗೆಯಲ್ಲಿ ನಂಬಿಕೊಳ್ಳಬಹುದಾದದ್ದು 50 ಮಾತ್ರ, ತೂಕ ಮೂವತ್ತು ಕಿಲೋ ಹತ್ತಿರ. ಜೆಲ್, ಎಜಿಎಂ ಎಂದು ನೀರು ಹಾಕದ ಬಗೆಗಳು ಬಂದವು. ಒಳಗೆ ಅದೇ ಸೀಸ.

ಲಿಥಿಯಂ ಕಥೆಯನ್ನು ಪತ್ರಿಕೆಗಳು 2019ರ ನೊಬೆಲ್ ಸಮಯದಲ್ಲಿ ಬೇಕಾದಷ್ಟು ಬರೆದಿವೆ: ವಿಟಿಂಗ್‌ಹ್ಯಾಮ್, ಗುಡಿನಫ್, ಯೋಶಿನೋ, 1991ರಲ್ಲಿ ಸೋನಿ ಮಾರುಕಟ್ಟೆಗೆ ಬಿಟ್ಟದ್ದು. ಆ ಲಿಥಿಯಂ ಕೋಬಾಲ್ಟ್ ಬಗೆಯದು, ಕ್ಯಾಮೆರಾಕ್ಕೂ ಲ್ಯಾಪ್‌ಟಾಪಿಗೂ ಸರಿ. ಬೋಟಿಗೆ ಎರಡು ತೊಡಕು. ಕೆಟ್ಟರೆ ಬೆಂಕಿ ಏಳುವ ಭಯ ಒಂದು. ಇನ್ನೊಂದು ಬರೀ ಲೆಕ್ಕದ್ದು: ಅದರ ಒಂದು ಸೆಲ್ಲಿಗೆ 3.7 ವೋಲ್ಟು. ಮೂರು ಕಟ್ಟಿದರೆ 11.1, ಸಾಲದು, ನಾಲ್ಕು ಕಟ್ಟಿದರೆ 14.8, ಮಿಗುತ್ತದೆ. ಸೀಸದ ಆರು ಸೆಲ್ಲಿನ ಅಳತೆಗೆ ಎರಡೂ ಕೂರುವುದಿಲ್ಲ.

ಬೋಟಿಗೆ ಹೊಂದುವ ಲಿಥಿಯಂ 1997ರ ಒಂದು ಪ್ರಬಂಧದಿಂದ ಬಂತು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಗುಡಿನಫ್ ಅವರ ಬಳಗ ಕೋಬಾಲ್ಟ್ ಬಿಟ್ಟು ಕಬ್ಬಿಣ ಮತ್ತು ಫಾಸ್ಫೇಟಿನಿಂದ ಒಂದು ವಸ್ತು ಮಾಡಿತು. ಪ್ರಬಂಧದ ಮೇಲಿರುವ ಹೆಸರುಗಳು ಮೂರು: ಪಾಢಿ, ನಂಜುಂಡಸ್ವಾಮಿ, ಗುಡಿನಫ್. ನಡುವಿನ ಹೆಸರನ್ನು ಮೊದಲ ಸಲ ಓದಿದಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ನೊಬೆಲ್ ಕಥೆಯಲ್ಲಿ ಆ ಹೆಸರು ಬರುವುದಿಲ್ಲ, ಆದರೆ ಬೋಟಿನ ಕಥೆಯಲ್ಲಿ ಬಿಡುವ ಹಾಗಿಲ್ಲ. ಆ ವಸ್ತುವಿನ ಸೆಲ್ಲಿಗೆ 3.2 ವೋಲ್ಟು. ನಾಲ್ಕು ಕಟ್ಟಿದರೆ 12.8. ತುಂಬಿದ ಸೀಸದ ಬ್ಯಾಟರಿ ವಿಶ್ರಾಂತಿಯಲ್ಲಿ ತೋರಿಸುವುದು 12.7. ಯಾರೂ ಯೋಜಿಸದೆ ಬಿದ್ದ ಹೊಂದಾಣಿಕೆ ಇದು. ತೂಕ ಅರ್ಧಕ್ಕೂ ಕಡಿಮೆ, ನೂರರಲ್ಲಿ ಎಂಬತ್ತನ್ನು ಧೈರ್ಯವಾಗಿ ಬಳಸಬಹುದು, ಬಿಸಿಯಾದರೂ ಕೋಬಾಲ್ಟಿನಷ್ಟು ಬೇಗ ಉರಿಯುವುದಿಲ್ಲ. 2010ರ ಆಸುಪಾಸಿನಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಯುರೋಪಿನ ಹಾಯಿದೋಣಿಗಳಲ್ಲಿ ತಿಂಗಳುಗಟ್ಟಲೆ ಸಾಗರದ ಮೇಲೆ ಬದುಕುವ ಜನ ಚೀನಾದಿಂದ ಇಟ್ಟಿಗೆ ಗಾತ್ರದ ದೊಡ್ಡ ಸೆಲ್ಲುಗಳನ್ನು ತರಿಸಿ, ತಾವೇ ತಾಮ್ರದ ಪಟ್ಟಿ ಕೊರೆದು ಜೋಡಿಸತೊಡಗಿದರು. ಅವರಿಗೆ ಹೇಳಿಕೊಡಲು ಯಾವ ಕೈಪಿಡಿಯೂ ಇರಲಿಲ್ಲ. ಆಲ್ಟರ್ನೇಟರ್ ಸುಟ್ಟುಕೊಂಡು ಪಾಠ ಕಲಿತವರಲ್ಲಿ ಅವರೇ ಮೊದಲಿಗರು. ನಮ್ಮ ತಾಂಡೇಲ ಆ ಸಾಲಿನ ಕೊನೆಯಲ್ಲಿ ನಿಂತವ.

ಸುಡುವುದು ಯಾಕೆ? ಕೊಡಪಾನಕ್ಕೆ ನಲ್ಲಿ ಹಿಡಿಯುವಾಗ ಕಂಠದ ಹತ್ತಿರ ಬಂದಂತೆ ನಾವು ನಲ್ಲಿ ತಿರುಗಿಸಿ ಧಾರೆ ಸಣ್ಣದು ಮಾಡುತ್ತೇವಲ್ಲ, ಸೀಸದ ಬ್ಯಾಟರಿ ಆ ಕೆಲಸವನ್ನು ತಾನೇ ಮಾಡುತ್ತದೆ. ತುಂಬುತ್ತ ಬಂದಂತೆ ಅದು ಎಳೆಯುವ ಕರೆಂಟು ಕಡಿಮೆಯಾಗಿ ಆಲ್ಟರ್ನೇಟರಿಗೆ ಉಸಿರು ಸಿಗುತ್ತದೆ. ಕಾರಿನಿಂದ ಬಂದ ಆಲ್ಟರ್ನೇಟರ್ ಆ ವಿಶ್ರಾಂತಿ ಸಿಕ್ಕೇ ಸಿಗುತ್ತದೆಂದು ನಂಬಿ ಮಾಡಿದ್ದು. ಮೈಮೇಲೆ 60 ಆಂಪಿಯರ್ ಎಂದು ಬರೆದಿದ್ದರೂ ಗಂಟೆಗಟ್ಟಲೆ 60 ಕೊಡಲು ಹುಟ್ಟಿದ್ದಲ್ಲ. ಲಿಥಿಯಂಗೆ ಒಳತಡೆ ತೀರಾ ಕಡಿಮೆ, ಕೊಟ್ಟಷ್ಟನ್ನೂ ಕೊನೆಯವರೆಗೆ ಎಳೆಯುತ್ತದೆ. ಬಲೆ ಎಳೆಯುವ ನಡುವೆ ಎಂಜಿನ್ ನಿಧಾನ ಓಡುವಾಗ ಆಲ್ಟರ್ನೇಟರಿನ ಫ್ಯಾನೂ ನಿಧಾನ, ಗಾಳಿ ಸಾಲದು, ಒಳಗಿನ ಸುತ್ತಿಗೆ ಹಚ್ಚಿದ ವಾರ್ನಿಷ್ ವಾಸನೆ ಬರತೊಡಗುತ್ತದೆ. ಅಷ್ಟು ಹೊತ್ತಿಗೆ ಬ್ಯಾಟರಿ ತುಂಬಿತೆನ್ನಿ, ಅದರೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕೀಟು ಅಪಾಯ ಕಂಡು ಫಕ್ಕನೆ ಸಂಪರ್ಕ ತುಂಡರಿಸುತ್ತದೆ. ಪೂರ್ತಿ ಹೊರೆಯಲ್ಲಿ ಓಡುತ್ತಿದ್ದ ಆಲ್ಟರ್ನೇಟರಿಗೆ ಕರೆಂಟು ಕಳಿಸಲು ಜಾಗವೇ ಇಲ್ಲ. ವೋಲ್ಟು ಒಮ್ಮೆಗೇ ಜಿಗಿಯುತ್ತದೆ, ಡಯೋಡು ಹೋಗುತ್ತದೆ, ಗ್ರಹಚಾರ ಕೆಟ್ಟಿದ್ದರೆ ಜಿಪಿಎಸ್ಸೂ ಹೋಗುತ್ತದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ದೀಪದ್ದು. ಲಿಥಿಯಂನಲ್ಲಿ ದೀಪ ಮಂಕಾಗುವುದಿಲ್ಲ. ಹೆಚ್ಚುಕಡಿಮೆ 13 ವೋಲ್ಟಿನಲ್ಲೇ ಕೊನೆಯ ಹೊತ್ತಿನವರೆಗೂ ಬೆಳಗಿ, ಬಿಎಂಎಸ್ ಕಡಿದಾಗ ಒಮ್ಮೆಲೇ ಕತ್ತಲೆ. ಮೂರು ತಲೆಮಾರು ತಾಂಡೇಲರು ಕಣ್ಣಲ್ಲೇ ಓದಿದ ಎಚ್ಚರಿಕೆ ಇಲ್ಲವಾಯಿತು. ಅಮೆರಿಕದ ಬೋಟು ನಿರ್ಮಾಣ ಮಾನದಂಡ ಸಂಸ್ಥೆ ಎಬಿವೈಸಿ 2022ರಲ್ಲಿ ಲಿಥಿಯಂಗೆಂದೇ ನಿಯಮ ಪ್ರಕಟಿಸಿದಾಗ ಅದರಲ್ಲಿ ಒಂದು ಮಾತು ಸೇರಿಸಿತು: ಬ್ಯಾಟರಿ ಕಡಿದುಕೊಳ್ಳುವ ಮೊದಲು ನಡೆಸುವವನಿಗೆ ಮುನ್ಸೂಚನೆ ಕೊಡಬೇಕು. ಸೀಸ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಬಜರ್ ಬೇಕು.

ಮೊದಲಿನಿಂದಲೇ ಲಿಥಿಯಂ ಲೆಕ್ಕದಲ್ಲಿ ಕಟ್ಟಿದ ಬೋಟುಗಳ ಸಂಗತಿ ಬೇರೆ. 2015ರಲ್ಲಿ ನಾರ್ವೆಯಲ್ಲಿ ಕಾರುಗಳನ್ನೂ ಹೊತ್ತು ದಾಟಿಸುವ ‘ಆಂಪೆರ್’ ಫೆರಿ ಬಂತು. 2017ರ ಜನವರಿಯಲ್ಲಿ ಕೇರಳದ ವೈಕ್ಕಂ–ತವಣಕಡವು ನಡುವೆ 75 ಜನರ ಸೌರ ದೋಣಿ ‘ಆದಿತ್ಯ’ ಓಡತೊಡಗಿತು. 2023ರಲ್ಲಿ ಕೊಚ್ಚಿಯ ವಾಟರ್ ಮೆಟ್ರೋ. ಆದರೂ ದೊಡ್ಡ ಬೋಟುಗಳಲ್ಲೂ ಎಲ್ಲ ಸುಗಮವಲ್ಲ. 2019ರಲ್ಲಿ ನಾರ್ವೆಯ ‘ಯಟರೋಯ್ನಿಂಗೆನ್’ ಫೆರಿಯ ಬ್ಯಾಟರಿ ಕೋಣೆಯಲ್ಲಿ ಬೆಂಕಿ ಎದ್ದು, ಮರುದಿನ ಒಳಗೆ ಕೂಡಿದ್ದ ಅನಿಲ ಸ್ಫೋಟಿಸಿತು. ಸಬ್‌ಮರೀನಿನವರಂತೂ ಬಹಳ ಕಾಲ ಕಾದರು. ಸೀಸದ ಬದಲು ಲಿಥಿಯಂ-ಅಯಾನ್ ಹಾಕಿದ ಜಪಾನಿನ ‘ಓರ್ಯೂ’ ಸೇವೆಗೆ ಸೇರಿದ್ದು 2020ರಲ್ಲಿ.

ಹಳೇ ಬೋಟಿಗೆ ನಾನು ಹೇಳುವ ದಾರಿ ಒಂದೇ: ಸೀಸವನ್ನು ತೆಗೆಯಬೇಡಿ. ಆಲ್ಟರ್ನೇಟರ್ ಮೊದಲಿನಂತೆ ಸೀಸಕ್ಕೇ ಹೋಗಲಿ. ಸೆಲ್ಫ್ ತಿರುಗಿಸುವುದು ಅದರದೇ ಕೆಲಸ. ಸೀಸದಿಂದ ಲಿಥಿಯಂಗೆ ನಡುವೆ ಒಂದು ಡಿಸಿ-ಟು-ಡಿಸಿ ಚಾರ್ಜರ್ ಕೂರಿಸಿ. ಅದು 30 ಆಂಪಿಯರಿನದಾದರೆ ಲಿಥಿಯಂ ಎಷ್ಟೇ ಬಾಯಿ ಬಿಟ್ಟರೂ ಸಿಗುವುದು 30. ಬಿಎಂಎಸ್ ಕಡಿದರೂ ಆಲ್ಟರ್ನೇಟರಿನ ಮುಂದೆ ಸೀಸ ಇದ್ದೇ ಇರುತ್ತದೆ, ಜಿಗಿದ ವೋಲ್ಟನ್ನು ನುಂಗಿಕೊಳ್ಳುತ್ತದೆ. ದೀಪ, ಮೊಬೈಲು, ಫಿಶ್‌ಫೈಂಡರ್ ಲಿಥಿಯಂಗೆ. ವಯರ್‌ಲೆಸ್ಸನ್ನೂ ಟ್ರಾನ್ಸ್‌ಪಾಂಡರನ್ನೂ ಎರಡರಲ್ಲಿ ಯಾವುದಕ್ಕೆ ಬೇಕಾದರೂ ತಿರುಗಿಸುವ ಸ್ವಿಚ್ಚು ಇಡುತ್ತೇನೆ. 1912ರ ಬುದ್ಧಿ ಇನ್ನೂ ಒಳ್ಳೆಯದೇ. ಎರಡೂ ಬ್ಯಾಟರಿಗಳ ಟರ್ಮಿನಲ್ಲುಗಳ ಹತ್ತಿರವೇ ಒಂದೊಂದು ಫ್ಯೂಸು. ಫ್ಯೂಸಿನ ದುಡ್ಡು ಉಳಿಸುವವರ ಬೋಟಿಗೆ ನಾನು ಕೈ ಹಾಕುವುದಿಲ್ಲ. ಬಿಎಂಎಸ್ ಎಷ್ಟು ಕರೆಂಟು ತಡೆಯುತ್ತದೆಂದು ಮಾರುವವರಿಂದ ಬರೆಸಿಕೊಳ್ಳಲೂ ಹೇಳುತ್ತೇನೆ. ಬರೆದುಕೊಡದವರ ಹತ್ತಿರ ಕೊಳ್ಳಬೇಡಿ ಎಂದು.

ಮೆಟ್ಟಿಲ ಮೇಲೆ ಡೈನಮೋ ತಂದಿಟ್ಟವನ ಬೋಟಿಗೆ ಹೀಗೇ ಮಾಡಿದೆವು. ಆದರೆ ಲಿಥಿಯಂ ಹಾಕುವಾಗ ಹಳೇ ಸೀಸವನ್ನು ಅವನು ಆಗಲೇ ಕೊಟ್ಟುಬಿಟ್ಟಿದ್ದ. ಗುಜರಿಯವ ಕಿಲೋ ಲೆಕ್ಕದಲ್ಲಿ ಒಳ್ಳೇ ದುಡ್ಡು ಕೊಟ್ಟಿದ್ದನಂತೆ. ಸೀಸಕ್ಕೆ ಯಾವತ್ತೂ ಬೆಲೆ ಉಂಟು, ಕರಗಿಸಿ ಮತ್ತೆ ಬ್ಯಾಟರಿಯೇ ಮಾಡುತ್ತಾರೆ. ಹೊಸ ಸೀಸ ಕೊಳ್ಳಬೇಕಾಯಿತೆಂದು ಗೊಣಗುತ್ತ ಅವನು ಕೇಳಿದ, “ಈ ಲಿಥಿಯಂ ಹಾಳಾರೆ ಎಷ್ಟಕ್ಕೆ ಹೋತ್ತ್?” ವಿಚಾರಿಸಿದೆವು. ಮುಟ್ಟುವುದೇ ಇಲ್ಲ ಎಂದ ಗುಜರಿಯವ. ತಯಾರಕರೇ ವಾಪಸು ತೆಗೆದುಕೊಳ್ಳಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ಬಿಲ್ಲು ಜೋಪಾನ ಇಟ್ಟುಕೋ ಎಂದೆ. ಬಿಲ್ಲು ಪ್ಯಾಂಟಿನ ಕಿಸೆಯಲ್ಲೇ ಇತ್ತು, ಸಮುದ್ರದ ನೀರಿಗೆ ನೆನೆದು ಅಕ್ಷರ ಹೋಗಿತ್ತು. ಅಂಗಡಿಯಿಂದ ಇನ್ನೊಂದು ಪ್ರತಿ ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಲೈಸೆನ್ಸಿನ ಜೊತೆ ಇಡಿಸಿದ್ದೇನೆ.